ಹಡಗಿನವರ ಇಟಲಿ ಗಾಡಿ

ಮೇಳಿಗೆಯ ಆ ಮನೆಯಲ್ಲಿ ಅವರ ಫೋಟೋವನ್ನು ಒಂದು ಕುರ್ಚಿಯ ಮೇಲೆ ಇಟ್ಟಿದ್ದರು. ಹೊಸ ಕುರ್ಚಿ, ಅದರ ಮೇಲೆ ಮಡಿಸಿದ ಬಿಳಿ ಪಂಚೆ, ಪಂಚೆಯ ಮೇಲೆ ಫೋಟೋ, ಫೋಟೋಗೆ ಸೇವಂತಿಗೆ ಹಾರ. ವೈಕುಂಠ ಸಮಾರಾಧನೆಯ ಊಟ ಮುಗಿದಿತ್ತು. ಅವರ ಅಣ್ಣನ ಮಗ ಕೈ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದು, "ಟೀಚ್ರೇ, ಸಾಗರದಲ್ಲಿ ನೀವೇ ಪಕ್ಕದ ಮನೆಯೋರು. ಚಿಕ್ಕಪ್ಪನ ಬಗ್ಗೆ ಎರಡು ಮಾತಾಡಿ. ನಮಗೆ ಅವ್ರು ಅಷ್ಟಾಗಿ ಗೊತ್ತಿಲ್ಲ ನೋಡಿ" ಎಂದ. ಎದ್ದು ನಿಂತೆ. ಜೀವನವಿಡೀ ಮಕ್ಕಳಿಗೆ "ಬಾಯಿ ಬಿಟ್ಟು ಹಾಡ್ರೋ" ಎಂದು ಗದರಿದವಳು ನಾನು. ಅವತ್ತು ನನ್ನ ಬಾಯಿಯೇ ಬಿಡಲಿಲ್ಲ. "ಒಳ್ಳೆಯವರು" ಎಂದು ಹೇಳಿ ಕುಳಿತುಬಿಟ್ಟೆ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಮೇಲೇ ಸಿಟ್ಟು ಬಂತು. ಒಳ್ಳೆಯವರಂತೆ! ಸತ್ತವರೆಲ್ಲ ಒಳ್ಳೆಯವರೇ ಅಲ್ಲವೇ? ಅಲ್ಲಿ ಆಡಲಾಗದ ಆ ಎರಡು ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಸಾಗರದಲ್ಲಿ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದವರೇ ಕಡಿಮೆ. ಎಲ್ಲರಿಗೂ ಅವರು 'ಹಡಗಿನೋರು'. ಐಟಿಐ ಮುಗಿಸಿ, ಮುಂಬಯಿಗೆ ಹೋಗಿ, ಸರಕು ಸಾಗಿಸುವ ಹಡಗಿನಲ್ಲಿ ಎಂಜಿನ್ ಫಿಟ್ಟರ್ ಆಗಿ ಸೇರಿ, ತಲೆ ಬೆಳ್ಳಗಾಗುವವರೆಗೆ ನೀರಿನ ಮೇಲೇ ಇದ್ದವರು. ಮದುವೆಯಾಗಲಿಲ್ಲ. "ರಜೆಗೆ ಬಂದಾಗ ಹುಡುಗಿ ನೋಡೋರು. ಒಪ್ಪಿಗೆ ಬರೋಹೊತ್ತಿಗೆ ನಾನು ವಾಪಸ್ ಹಡಗಲ್ಲಿ ಇರ್ತಿದ್ದೆ" ಎಂದು ನಗುತ್ತಿದ್ದರು. ನಿವೃತ್ತರಾದ ಮೇಲೆ ಹುಟ್ಟೂರು ಮೇಳಿಗೆಗೆ ಹೋಗದೆ, ಹೊಸನಗರ ರಸ್ತೆಗೆ ತಾಗಿದ ನಮ್ಮ ಬಡಾವಣೆಯಲ್ಲಿ ಒಂದು ಸಣ್ಣ ಮನೆ ಕೊಂಡರು. ಮನೆಗಿಂತ ಅದರ ಪಕ್ಕದ ತಗಡಿನ ಶೆಡ್ಡು ದೊಡ್ಡದಿತ್ತು. ಮನೆ ನೋಡಲು ಬಂದ ದಿನ ಅವರು ಮೊದಲು ಹೊಕ್ಕಿದ್ದೂ ಆ ಶೆಡ್ಡಿಗೇ.

ನಾನು ಸಂಗೀತದ ಮೇಷ್ಟ್ರು. ನನ್ನವರು ತೀರಿಕೊಂಡ ಮೇಲೆ ಮನೆಯಲ್ಲಿ ನಾನು, ನಮ್ಮ ಅತ್ತೆ, ಒಂದು ಹಾರ್ಮೋನಿಯಂ. ಸಂಜೆ ಬರುವ ಮಕ್ಕಳ ಗದ್ದಲ ಬಿಟ್ಟರೆ ಉಳಿದಂತೆ ಮನೆ ಮೌನ. ನನ್ನ ಕಿವಿ ಒಂದು ಶಾಪ. ಕುಕ್ಕರಿನ ಸೀಟಿ ಕೂಡ ಶ್ರುತಿ ತಪ್ಪಿದರೆ ನನಗೆ ಮೈ ಉರಿಯುತ್ತದೆ. ಇಂಥವಳ ಪಕ್ಕದ ಮನೆಗೆ ಒಂದು ದಿನ ಟೆಂಪೋದಲ್ಲಿ ಆ ಗಾಡಿ ಬಂದಿಳಿಯಿತು.

ಇಟಲಿಯದು. ರೇಸಿನ ಜಾತಿಯ ಬೈಕು. ಕೆಂಪು ಬಣ್ಣ, ಮುಂದಕ್ಕೆ ಬಾಗಿದ ಮೈ, ಒಬ್ಬರು ಮಾತ್ರ ಕೂರಬಹುದಾದ ಸೀಟು. ಹಿಂದೆ ಇನ್ನೊಬ್ಬರು ಕೂರಲು ಸೀಟೂ ಇಲ್ಲ, ಕಾಲಿಡಲು ಜಾಗವೂ ಇಲ್ಲ. ಇಟಲಿಯ ಬಂದರಿನಲ್ಲಿ ಹಡಗು ನಿಂತಾಗಲೆಲ್ಲ ಆ ಗಾಡಿಗಳನ್ನು ನೋಡಿ ನೋಡಿ ಇವರಿಗೆ ಹುಚ್ಚು ಹಿಡಿದಿತ್ತಂತೆ. ಕೊನೆಗೆ ಮಂಗಳೂರಿನಲ್ಲಿ ಯಾರೋ ಶೋಕಿಗೆ ತರಿಸಿ, ಎರಡು ಸಲ ಬಿದ್ದು, ಮೂಲೆಗೆ ಹಾಕಿದ್ದನ್ನು ಹುಡುಕಿ ತಂದಿದ್ದರು. ಅದನ್ನು ಅವರು 'ಇಟ್ಲಿ' ಎನ್ನುತ್ತಿದ್ದರು. "ಇವತ್ತು ಇಟ್ಲಿಗೆ ಮನಸ್ಸಿಲ್ಲ", "ಇಟ್ಲಿಗೆ ಬಿಸಿ ಜಾಸ್ತಿ ಆಗಿದೆ". ಮನೆಯಲ್ಲಿ ಇನ್ನೊಬ್ಬರಿದ್ದಾರೆ ಎನ್ನುವ ಹಾಗೆ.

ಮೊದಲ ಸಲ ಅದನ್ನು ಚಾಲೂ ಮಾಡಿದಾಗ ನಮ್ಮ ಅತ್ತೆ ಜಪದಮಣಿ ಕೆಳಗಿಟ್ಟು, "ಎಂತದೇ ಅದು ಶಬ್ದ? ಒಳಗೆ ಎಂತೋ ಮುರ್ದೋಯ್ದು ಕಾಣ್ತು" ಎಂದರು. ಅವರ ತಪ್ಪಲ್ಲ. ಡಬ್ಬಿಯಲ್ಲಿ ಒಣಗಿದ ಚಾಲಿ ಅಡಿಕೆ ಹಾಕಿ ಅಲ್ಲಾಡಿಸಿದ ಹಾಗೆ ಗಲಗಲ ಗಲಗಲ. ಬಡಾವಣೆಯ ಗಂಡಸರೆಲ್ಲ ಒಬ್ಬೊಬ್ಬರಾಗಿ ಹೋಗಿ ಅವರಿಗೆ ಬುದ್ಧಿ ಹೇಳಿ ಬಂದರು. "ಬೋಲ್ಟ್ ಸಡಿಲ ಆಗಿದೆ ಮಾರಾಯ್ರೆ", "ಆಯಿಲ್ ಇಲ್ದೇ ಒಣಗಿದೆ, ಒಂದು ಲೀಟರ್ ಹಾಕಿ". ಈ ಊರಿನಲ್ಲಿ ಯಾವ ಗಾಡಿ ಸದ್ದು ಮಾಡಿದರೂ ಆಯಿಲ್ ಹಾಕುವುದೇ ಔಷಧಿ. ಅವರು ಎಲ್ಲರಿಗೂ ಹೂಂ ಎನ್ನುತ್ತಿದ್ದರು. ಆ ಗಾಡಿಯ ಕ್ಲಚ್ಚು ಆಯಿಲ್ಲಿಲ್ಲದೆಯೇ ತಿರುಗಬೇಕು, ಆ ಗಲಗಲವೇ ಅದರ ಸಹಜ ದನಿ ಎಂದು ಯಾರಿಗೂ ಬಿಡಿಸಿ ಹೇಳಲಿಲ್ಲ. ಬದಲಿಗೆ ಕ್ಲಚ್ಚಿನ ಮೇಲಿನ ಮುಚ್ಚಳವನ್ನು ತಾವೇ ಕೊರೆದು, ಕಿಂಡಿ ಮಾಡಿ, ಒಳಗಿನ ತಟ್ಟೆಗಳು ತಿರುಗುವುದು ಹೊರಗೆ ಕಾಣುವ ಹಾಗೆ ಮಾಡಿದರು. ಶಬ್ದ ಇಮ್ಮಡಿಯಾಯಿತು.

ನಾನು ಜಗಳಕ್ಕೆ ಹೋದದ್ದು ಅದಾದ ಮೇಲೆ. ಸಂಜೆ ಒಬ್ಬ ಹುಡುಗಿಗೆ ಸ-ಪ-ಸ ಹಾಡಿಸುತ್ತಿದ್ದೆ. ಪಕ್ಕದಲ್ಲಿ ಇಟ್ಲಿ ಚಾಲೂ ಆಯಿತು. ಹುಡುಗಿಯ ಷಡ್ಜ ಮೆಲ್ಲಗೆ ಜಾರಿ, ಹಾರ್ಮೋನಿಯಂ ಬಿಟ್ಟು, ಹೋಗಿ ಆ ಗಾಡಿಯ ಶ್ರುತಿಗೆ ಕೂತುಬಿಟ್ಟಿತು! ನನಗೆ ತಲೆ ಕೆಟ್ಟಿತು. ಸೆರಗು ಸಿಕ್ಕಿಸಿ ನೆಟ್ಟಗೆ ಶೆಡ್ಡಿಗೆ ನುಗ್ಗಿದೆ.

"ನಿಮ್ಮ ಗಾಡಿ ನನ್ನ ಮಕ್ಕಳ ಶ್ರುತಿ ಕೆಡಿಸ್ತಾ ಇದೆ ಕಣ್ರಿ!"

ಕ್ಷಮಿಸಿ ಎನ್ನುತ್ತಾರೆ, ಇಲ್ಲವೇ ತಿರುಗಿ ಜಗಳವಾಡುತ್ತಾರೆ ಎಂದುಕೊಂಡಿದ್ದೆ. ಅವರು ಗಾಡಿ ಆರಿಸಿ, ನನ್ನನ್ನೇ ನೋಡುತ್ತ, "ಎಳೆದಿದ್ದು ಮೇಲಕ್ಕಾ ಟೀಚ್ರೇ, ಕೆಳಕ್ಕಾ?" ಎಂದು ಕೇಳಿದರು.

ಮೇಷ್ಟ್ರಿಗೆ ಪ್ರಶ್ನೆ ಕೇಳಿದರೆ ಉತ್ತರ ಹೇಳದೆ ಇರಲಾಗುತ್ತದೆಯೇ? "ಕೆಳಕ್ಕೆ. ಅದೂ ಒಂದೇ ಕಡೆ ನಿಲ್ತಾ ಇಲ್ಲ. ತೂಗ್ತಾ ಇದೆ. ಎರಡು ಮಕ್ಕಳು ಒಟ್ಟಿಗೆ ಹಾಡ್ತಿದ್ದಾರೆ, ಅದರಲ್ಲಿ ಒಂದು ಮಗು ಒಂಚೂರು ಹಿಂದೆ ಬೀಳ್ತಾ ಇದೆ" ಎಂದೆ.

ಅವರ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಹಾಗೇ ನಿಂತಿತು. "ಯಾವ ಮಗು?" ಎಂದರು.

ಹೀಗೆ ಜಗಳಕ್ಕೆ ಹೋದವಳು ಆ ಶೆಡ್ಡಿಗೆ ಕಿವಿಯಾದೆ. ಆ ಎಂಜಿನ್ನಿಗೆ ಎರಡು ಸಿಲಿಂಡರು. ಒಂದು ಮುಂದಕ್ಕೆ ಮಲಗಿದೆ, ಇನ್ನೊಂದು ನೆಟ್ಟಗೆ ನಿಂತಿದೆ. ಎರಡೂ ಒಂದೇ ಸಮ ಉಸಿರು ಎಳೆಯಬೇಕು. ಅದನ್ನು ನೋಡಲು ಯಂತ್ರಗಳಿವೆಯಂತೆ. ಇವರ ವಿಧಾನ ಬೇರೆ. ಒಂದು ಮಾರು ರಬ್ಬರ್ ಪೈಪು. ಅದರ ಒಂದು ತುದಿ ಎಂಜಿನ್ ಗಾಳಿ ಎಳೆಯುವ ಬಾಯಿಗೆ, ಇನ್ನೊಂದು ತುದಿ ಕಿವಿಗೆ. 'ಸುಂಯ್' ಎನ್ನುವ ಸದ್ದು ಕೇಳುತ್ತದೆ. ಮೊದಲು ಮಲಗಿದ್ದರದು, ಆಮೇಲೆ ನಿಂತಿದ್ದರದು. ಎರಡು ಸುಂಯ್ ಒಂದೇ ಸ್ವರಕ್ಕೆ ಬರುವವರೆಗೆ ಅವರು ಸ್ಕ್ರೂ ತಿರುಗಿಸುತ್ತಿದ್ದರು, ನಾನು ಪೈಪು ಹಿಡಿದು ಕೂರುತ್ತಿದ್ದೆ. ಎಂಜಿನ್ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಸಣ್ಣ ಮಕ್ಕಳಿಗೆ ಸ್ವರ ತೋರಿಸುವಾಗ ನಾನು ಅಂಗೈ ಬಳಸುತ್ತೇನೆ. ಕೆಳಗಿನ ಷಡ್ಜಕ್ಕೆ ಹೊಟ್ಟೆಯ ಮಟ್ಟ, ಪಂಚಮಕ್ಕೆ ಗಲ್ಲ, ಮೇಲಿನ ಷಡ್ಜಕ್ಕೆ ಹಣೆ. ಅವರಿಗೂ ಅದನ್ನೇ ಮಾಡಿದೆ. ಸದ್ದು ಏರಿದರೆ ಅಂಗೈ ಏರುತ್ತಿತ್ತು, ಇಳಿದರೆ ಇಳಿಯುತ್ತಿತ್ತು. ಸದ್ದು ನಿಂತರೆ ಕೈ ಕೆಳಗೆ. ಅವರು ಸ್ಕ್ರೂ ನೋಡುತ್ತಿರಲಿಲ್ಲ, ನನ್ನ ಅಂಗೈಯನ್ನೇ ನೋಡುತ್ತ ತಿರುಗಿಸುತ್ತಿದ್ದರು.

ಗಂಡ ಇಲ್ಲದವಳು ಒಂಟಿ ಗಂಡಸಿನ ಶೆಡ್ಡಿನಲ್ಲಿ ಏನು ಮಾಡುತ್ತಾಳೆ ಎಂದು ಬಡಾವಣೆ ಮಾತಾಡಿಕೊಂಡಿತು. ನನ್ನ ಕಿವಿಗೆ ಬೀಳದ ಸದ್ದುಂಟೇ? ಅತ್ತೆಗೆ ಹೇಳಿದೆ. ಅವರು ಮರುದಿನದಿಂದ ತಾವೇ ಒಂದು ಸ್ಟೂಲು ಹಿಡಿದು ಬಂದು ಶೆಡ್ಡಿನ ಬಾಗಿಲಲ್ಲಿ ಕುಳಿತರು, ಹೋಗಿಬರುವವರಿಗೆಲ್ಲ ಕಾಣುವ ಹಾಗೆ. ಹಡಗಿನವರು ಅವರಿಗೆ ಚಹಾ ಮಾಡಿ ಕೊಡುತ್ತಿದ್ದರು. ಅತ್ತೆ ಅದನ್ನು ಕುಡಿದು, "ಆಯಿಲ್ ಹಾಕಿದ್ರೆ ಸರಿ ಆಗ್ತಿತ್ತು" ಎಂದು ಪ್ರತಿ ಸಲ ಹೇಳಿ ಎದ್ದು ಹೋಗುತ್ತಿದ್ದರು.

ಆ ಗಾಡಿಯನ್ನು ನಮ್ಮ ಸೀಮೆಗೆ ಒಗ್ಗಿಸಿದ ಬಗೆಯನ್ನು ಹೇಳಬೇಕು. ಇಟಲಿಯವರಿಗೆ ನಮ್ಮ ಮಳೆ ಗೊತ್ತಿಲ್ಲ. ಅವರು ಕೊಟ್ಟ ಹಿಂದಿನ ಮಡ್‌ಗಾರ್ಡು ಅಂಗೈ ಅಗಲ. ಮೊದಲ ಮಳೆಯಲ್ಲಿ ಬೆನ್ನ ತುಂಬ ಕೆಸರು ಬಳಿದುಕೊಂಡು ಬಂದರು. ಮರುದಿನ ಅಡಿಕೆಗೆ ಹೊಡೆಯುವ ಮೈಲುತುತ್ತ ಕಲಸುವ ನೀಲಿ ಡ್ರಮ್ಮನ್ನು ಕತ್ತರಿಸಿ, ಬಿಸಿ ಮಾಡಿ ಬಗ್ಗಿಸಿ, ಕೆಂಪು ಬಣ್ಣ ಬಳಿದು ಉದ್ದನೆಯ ಮಡ್‌ಗಾರ್ಡು ಮಾಡಿದರು. ಅದು ಡ್ರಮ್ಮೆಂದು ಯಾರೂ ನಂಬುವ ಹಾಗಿರಲಿಲ್ಲ. ನಮ್ಮ ತಿರುವುಗಳಿಗೆ ಆ ಗಾಡಿಯ ಓಟ ಹೆಚ್ಚು, ಎಳೆತ ಕಡಿಮೆ ಎಂದು ಹಿಂದಿನ ಹಲ್ಲುಚಕ್ರ ಬದಲಿಸಿದರು. ಮಂಜಿಗೆ ಹಳದಿ ದೀಪ. ಬಗ್ಗಿ ಕೂತು ಸೊಂಟ ನೋಯುತ್ತದೆಂದು ಹ್ಯಾಂಡಲ್ ಎತ್ತರಿಸಿದರು, ಅದು ಸರಿ ಕಾಣಲಿಲ್ಲವೆಂದು ಮತ್ತೆ ಇಳಿಸಿದರು. "ನೋಡಕ್ಕೆ ಚೆಂದ ಇರ್ಬೇಕಾ, ಸೊಂಟ ಸರಿ ಇರ್ಬೇಕಾ ನೀವೇ ಹೇಳಿ" ಎಂದು ನನ್ನನ್ನು ಕೇಳಿದರು. ಸೊಂಟ ಎಂದೆ. ಅವರು ಚೆಂದವನ್ನೇ ಆರಿಸಿಕೊಂಡರು. ಒಂದು ಮಾರ್ಪಾಟು ಮುಗಿದ ಸಂಜೆ ಗಾಡಿಯ ಎದುರು ಕಾಲು ಚಾಚಿ ಕುಳಿತು, ತಲೆ ಅತ್ತ ಇತ್ತ ವಾಲಿಸಿ ನೋಡುತ್ತಿದ್ದರು. ಮಗಳಿಗೆ ಸೀರೆ ಉಡಿಸಿ ದೂರ ನಿಂತು ನೋಡುವ ತಾಯಿಯ ಮುಖ ಆಗ ಅವರದು.

ಬಿಡಿಭಾಗಗಳಿಗೆ ಕಾಯುವುದೇ ಒಂದು ವ್ರತ. ಎಂಜಿನ್ನಿನೊಳಗೆ ಎರಡು ರಬ್ಬರ್ ಬೆಲ್ಟುಗಳಿವೆ. ಅವನ್ನು ಕಾಲಕಾಲಕ್ಕೆ ಬದಲಿಸಲೇಬೇಕು, ಗಾಡಿ ಓಡಿದ್ದರೂ ಸರಿ, ನಿಂತಿದ್ದರೂ ಸರಿ. "ಓಡಿಸ್ದೇ ಇದ್ರೆ ಸವೆಯೋದು ಎಲ್ಲಿಂದ ಮಾರಾಯ್ರೆ?" ಎಂದು ಕೇಳಿದ್ದಕ್ಕೆ, "ಸುಮ್ನೆ ಕೂತ್ರೂ ಹಳೇದಾಗುತ್ತೆ ಟೀಚ್ರೇ" ಎಂದರು. ಒಂದು ಮಳೆಗಾಲ ಆ ಬೆಲ್ಟುಗಳು ಬರಲೇ ಇಲ್ಲ. ಇಟ್ಲಿ ಹೊಟ್ಟೆ ಬಿಚ್ಚಿಕೊಂಡು ಶೆಡ್ಡಿನಲ್ಲಿ ನಿಂತಿತ್ತು, ಪ್ರತಿ ಭಾನುವಾರ ಸವಾರಿ ಹೊರಡುವ ಅದರ ಸದ್ದೂ ನಿಂತಿತು. ಒಂದು ದಿನ ಅತ್ತೆ ಊಟಕ್ಕೆ ಕುಳಿತವರು, "ಇವತ್ತು ಆಯ್ತವಾರ ಹೇಳಿ ಗೊತ್ತೇ ಆಜಿಲ್ಲೆ" ಎಂದರು. ಕೊನೆಗೆ ಪಾರ್ಸೆಲ್ ಬಂದಾಗ ಅವರು ಅದನ್ನು ತಕ್ಷಣ ಬಿಚ್ಚಲಿಲ್ಲ. ಡಬ್ಬಿಯನ್ನು ಮೂಸಿ ನೋಡಿದರು. ಮೇಜಿನ ಮೇಲಿಟ್ಟು, ಎದುರಿಗೆ ಕುಳಿತು ಚಹಾ ಕುಡಿದರು, ನೆಂಟರು ಬಂದ ಹಾಗೆ. ನನಗೆ ನಗು ಬಂದಿತ್ತು, ಆಮೇಲೆ ನಗು ನಿಂತಿತು. ಆ ಮೇಜಿಗೆ ಇದ್ದದ್ದೇ ಎರಡು ಕುರ್ಚಿ. ಒಂದರ ಮೇಲೆ ಯಾವಾಗಲೂ ಸ್ಪ್ಯಾನರುಗಳು ಇರುತ್ತಿದ್ದವು.

ಹೊಸದಾಗಿ ಏನು ಜೋಡಿಸಿದರೂ ಪರೀಕ್ಷೆಗೆ ಹತ್ತಿರದ ವರದಮೂಲದವರೆಗೆ ಹೋಗಿ ಬರುತ್ತಿದ್ದರು. ಭಾನುವಾರ ಮಾತ್ರ ದೂರದ ಸವಾರಿ. ಮಧ್ಯಾಹ್ನ ಹೊರಟು, ಬಟ್ಟೆಮಲ್ಲಪ್ಪ, ಹೊಸನಗರ ದಾಟಿ ತೀರ್ಥಹಳ್ಳಿ. ಅಲ್ಲಿ ಸೇತುವೆಯ ಹತ್ತಿರ ಒಂದು ಚಹಾ. ಅಲ್ಲಿಂದ ವಾಪಸು. "ತೀರ್ಥಹಳ್ಳಿಯಲ್ಲಿ ಏನಿದೆ, ಪ್ರತಿ ವಾರ ಅಲ್ಲಿಗೇ ಹೋಗ್ತೀರಲ್ಲ?" ಎಂದು ಕೇಳಿದೆ.

"ಏನಿಲ್ಲ. ಸೇತುವೆ ಹತ್ರ ಗಾಡಿ ತಿರುಗಿಸೋಕೆ ಜಾಗ ಇದೆ."

"ಅಷ್ಟು ದೂರ ಹೋದವರು ಮೇಳಿಗೆಗೆ ಹೋಗಿ ಬರಬಾರದಾ? ಇನ್ನೆಷ್ಟು ದೂರ ಅಲ್ಲಿಂದ?"

ಅವರು ಚೈನಿಗೆ ಗ್ರೀಸ್ ಸವರುತ್ತಿದ್ದರು. ಸವರುತ್ತಲೇ ಹೇಳಿದರು. "ಒಂದ್ಸಲ ಹೋಗಿದ್ದೆ. ಅಣ್ಣನ ಮಗ ಒಳಗೆ ಓಡಿಹೋಗಿ ಕುರ್ಚಿ ತಂದು ಹಾಕ್ದ. ಒಳ್ಳೆ ಹುಡುಗ, ಮರ್ಯಾದೆಯಿಂದಲೇ ಹಾಕಿದ್ದು. ಅತ್ತಿಗೆ ಟ್ರೇನಲ್ಲಿ ಕಾಫಿ ತಂದ್ರು. ನಾನು ಆ ಜಗುಲಿ ಮೇಲೆ ಅಂಗಾತ ಬಿದ್ಕೊಂಡು ಬೆಳೆದೋನು ಟೀಚ್ರೇ. ಹುಟ್ಟಿದ ಮನೇಲಿ ಕುರ್ಚಿ ಹಾಕಿ ಕೂರಿಸಿದ್ರೆ ಎಂತ ಮಾಡೋದು? ಕೂತೆ, ಕಾಫಿ ಕುಡ್ದೆ, ಬಂದೆ."

ಆಮೇಲೆ ಆ ಮಾತು ನಾನು ಎತ್ತಲಿಲ್ಲ.

ಅವರ ಕಿವಿ ಹೋಗುತ್ತಿದೆಯೆಂದು ನನಗೆ ತಿಳಿದದ್ದು ತಡವಾಗಿ. ಎಷ್ಟೆಂದರೂ ನಾನು ಸ್ವರ ಕೇಳುವವಳು, ಮನುಷ್ಯರನ್ನು ನೋಡುವುದರಲ್ಲಿ ದಡ್ಡಿ. ಒಂದು ಮಧ್ಯಾಹ್ನ ಹಲಸಿನ ಹಪ್ಪಳ ಕೊಡಲು ಹೋದೆ. ಇಟ್ಲಿ ಚಾಲೂ ಇತ್ತು. ಅವರು ಪೆಟ್ರೋಲ್ ಟ್ಯಾಂಕಿನ ಮೇಲೆ ಅಂಗೈ ಒತ್ತಿ, ಕಣ್ಣು ಮುಚ್ಚಿ ನಿಂತಿದ್ದರು. ಒಳಗೆ ಅಡಿಗೆಮನೆಯಲ್ಲಿ ಕುಕ್ಕರ್ ಸೀಟಿಯ ಮೇಲೆ ಸೀಟಿ ಹಾಕುತ್ತಿತ್ತು, ಸೀದ ವಾಸನೆ ಹೊರಗೆ ಬಂದಿತ್ತು. ನಾನು ಕೂಗಿದೆ. ಮತ್ತೆ ಕೂಗಿದೆ. ಕೊನೆಗೆ ನಾನೇ ಹೋಗಿ ಒಲೆ ಆರಿಸಿ ಬಂದು, ಗಾಡಿಯನ್ನೂ ಆರಿಸಿದೆ. ಅವರು ಕಣ್ಣು ತೆರೆದರು. ಸಿಕ್ಕಿಬಿದ್ದ ಮಗುವಿನ ಹಾಗೆ ನೋಡಿದರು.

"ಹಡಗಿನ ಎಂಜಿನ್ ರೂಮಲ್ಲಿ ಬಿಟ್ಟು ಬಂದೆ ಟೀಚ್ರೇ, ಕಿವಿನ" ಎಂದರು. "ಆಗ ನಮ್ಗೆಲ್ಲ ಕಿವಿಗೆ ಎಂತದೂ ಹಾಕೋ ಅಭ್ಯಾಸ ಇರ್ಲಿಲ್ಲ. ಮೊದ್ಲು ಮೇಲಿನ ಸ್ವರ ಹೋಯ್ತು. ಹಕ್ಕಿ, ಕುಕ್ಕರು, ಫೋನು. ಈಗ ಕೆಳಗಿಂದೂ ಹೋಗ್ತಿದೆ."

ಹಪ್ಪಳದ ಡಬ್ಬಿ ಹಿಡಿದುಕೊಂಡೇ ನಿಂತಿದ್ದೆ.

"ಈಗ ಜೀರುಂಡೆ ಕೂಗ್ತಾ ಇದ್ಯಾ?" ಎಂದು ಕೇಳಿದರು.

ಕೂಗುತ್ತಿದ್ದವು. ಮಳೆ ಬಿಟ್ಟ ಹೊತ್ತು. ಹಿತ್ತಿಲಿನ ಆಚೆಯ ಕಾಡೆಲ್ಲ ಒಂದೇ ಸಮ ಕಿರ್ರೆನ್ನುತ್ತಿತ್ತು. ಹೌದೆಂದೆ. "ಹಾಂ, ಈ ಹೊತ್ತಿಗೆ ಕೂಗ್ಬೇಕು" ಎಂದು ಅವರು ತಲೆಯಾಡಿಸಿದರು.

ಅವತ್ತು ನನ್ನಿಂದ ಒಂದು ಮಾತು ತೆಗೆದುಕೊಂಡರು. "ಇನ್ಮೇಲೆ ನಾನು ಕೇಳೋದೆಲ್ಲ ನಿಮ್ಮ ಕೈಯಲ್ಲಿ. ನನಗೆ ಬೇಜಾರಾಗುತ್ತೆ ಅಂತ ಸುಳ್ಳು ತೋರಿಸ್ಬೇಡಿ. ನಿಮ್ಗೆ ಕೇಳಿದ್ದಷ್ಟೇ ತೋರಿಸಿ. ಕೇಳ್ದೇ ಇದ್ರೆ ಕೈ ಇಳಿಸಿಬಿಡಿ." ಆಗಲಿ ಎಂದೆ. ಸ್ವರದ ವಿಷಯದಲ್ಲಿ ಸುಳ್ಳು ಹೇಳುವುದು ನನಗೆ ಬರುವುದೂ ಇಲ್ಲ. ಎಷ್ಟೋ ತಾಯಂದಿರ ಎದುರಿಗೇ "ನಿಮ್ಮ ಮಗಳಿಗೆ ಶ್ರುತಿ ನಿಲ್ಲಲ್ಲ" ಎಂದು ಹೇಳಿ ಶಿಷ್ಯರನ್ನು ಕಳೆದುಕೊಂಡವಳು.

ಶಿವಮೊಗ್ಗಕ್ಕೆ ಹೋಗಿ ಕಿವಿಯಂತ್ರ ಹಾಕಿಸಿಕೊಂಡು ಬಂದರು. ಬಂದವರೇ ಶೆಡ್ಡಿಗೆ ಹೋಗಿ ಇಟ್ಲಿ ಚಾಲೂ ಮಾಡಿದರು. ಹಬ್ಬದ ದಿನ ಹೊಸ ಅಂಗಿ ತೊಟ್ಟವರ ಹಾಗಿದ್ದ ಮುಖ ನೋಡುನೋಡುತ್ತಿದ್ದಂತೆ ಬಾಡಿತು. ಗಾಡಿ ಆರಿಸಿ, ಯಂತ್ರವನ್ನು ಕಿವಿಯಿಂದ ತೆಗೆದು ಜೇಬಿಗೆ ಹಾಕಿಕೊಂಡರು. "ಮಿಕ್ಸಿ ತಿರುಗಿದ ಹಾಗೆ ಕೇಳುತ್ತೆ. ಇದು ಅದಲ್ಲ." ಜನರ ಜೊತೆ ಮಾತಾಡಲು ಅದು ಸಾಕು ಮಾರಾಯ್ರೆ ಎಂದೆ. "ನನಗೆ ಮಾತಾಡೋ ಜನ ಎಷ್ಟು ಮಂದಿ ಇದ್ದಾರೆ ಟೀಚ್ರೇ? ನೀವು ಹೆಂಗೂ ಕೈಯಲ್ಲೇ ಹೇಳ್ತೀರಿ" ಎಂದರು. ಕನಿಕರ ಬೇಡುವ ದನಿ ಅದರಲ್ಲಿ ಇರಲಿಲ್ಲ.

ಭಾನುವಾರದ ಸವಾರಿ ಮಾತ್ರ ನಿಲ್ಲಲಿಲ್ಲ. ನಾನು ಅಡಿಗೆಮನೆಯಿಂದಲೇ ಅವರನ್ನು ಕಳಿಸುತ್ತಿದ್ದೆ, ಕಿವಿಯಲ್ಲಿ. ಗೇಟು ದಾಟಿದ್ದು, ಮುಖ್ಯರಸ್ತೆಗೆ ಹೊರಳಿದ್ದು, ಪೆಟ್ರೋಲ್ ಬಂಕಿನ ಏರು. ಆ ಏರಿನ ತುದಿಯಲ್ಲಿ ಸದ್ದು ತೆಳುವಾಗಿ ಮುಗಿಯುತ್ತಿತ್ತು. ಸಂಜೆ ಮತ್ತೆ ಅಲ್ಲಿಂದಲೇ ಹುಟ್ಟುತ್ತಿತ್ತು. ಕೇಳಿದ ಮೇಲೆ ಅತ್ತೆ ದೇವರಿಗೆ ದೀಪ ಹಚ್ಚಲು ಏಳುತ್ತಿದ್ದರು. ನಾನು ಕೇಳದವಳ ಹಾಗೆ ನಟಿಸುತ್ತ ಚಹಾಕ್ಕೆ ನೀರು ಇಡುತ್ತಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ಆ ಸದ್ದು ಬರುವವರೆಗೆ ನನಗೆ ಭಾನುವಾರ ಒಂದು ತುತ್ತೂ ರುಚಿಸುತ್ತಿರಲಿಲ್ಲ.

ಒಂದು ಭಾನುವಾರ ಅವರು ಬೇಗ ಬಂದರು. ಹೊಸನಗರವನ್ನೂ ಮುಟ್ಟಿರಲಿಲ್ಲ. ತಿರುವಿನಲ್ಲಿ ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯುತ್ತಲೇ ಇತ್ತಂತೆ. ಇವರಿಗೆ ಕೇಳಲಿಲ್ಲ. ಕೊನೆಗೆ ಬಸ್ಸು ಪಕ್ಕಕ್ಕೆ ಬಂದು ಅಡ್ಡ ನಿಂತಿತು. ಚಾಲಕ ಇಳಿದು ಬಂದು ಬಾಯಿಗೆ ಬಂದ ಹಾಗೆ ಬೈದ. "ಅದೂ ಕೇಳ್ಲಿಲ್ಲ ನೋಡಿ" ಎಂದು ಹಡಗಿನವರು ನಕ್ಕರು. "ಬಾಯಿ ಮಾತ್ರ ಹಾಡ್ತಾ ಇತ್ತು. ಕಿಟಕೀಲಿ ಒಂದು ಹೆಂಗಸು, ತೊಡೆ ಮೇಲೆ ಮಗು. ಆ ಹೆಂಗಸು ಬೈಲಿಲ್ಲ, ನನ್ನೇ ನೋಡ್ತಾ ಇತ್ತು." ನಗು ಅಲ್ಲಿಗೆ ನಿಂತಿತು. ಆ ವಾರವೆಲ್ಲ ಕುಳಿತು ಗಾಡಿಯನ್ನು ತೊಳೆದರು, ಉಜ್ಜಿದರು. ಶನಿವಾರ ನಮ್ಮ ಮೆಟ್ಟಿಲ ಬಳಿ ಬಂದು ನಿಂತು, "ಇಟ್ಲಿನ ಯಾರಿಗಾದ್ರೂ ಕೊಡ್ತೀನಿ ಟೀಚ್ರೇ" ಎಂದರು.

ನೋಡಲು ಬಹಳ ಮಂದಿ ಬಂದರು. ಒಬ್ಬರು ಮಡ್‌ಗಾರ್ಡ್ ನೋಡಿ ನಕ್ಕರು, ಅವರಿಗಿಲ್ಲ. ಒಬ್ಬರು ಲಾರಿಯಲ್ಲಿ ಹಾಕಿಕೊಂಡು ಹೋಗುತ್ತೇನೆಂದರು, ಅವರಿಗೂ ಇಲ್ಲ. ಕೊನೆಗೆ ತೀರ್ಥಹಳ್ಳಿಯ ಒಬ್ಬ ದಂತವೈದ್ಯರಿಗೆ ಒಪ್ಪಿದರು. ಆ ವೈದ್ಯರ ಮನೆ ಮೇಳಿಗೆ ರಸ್ತೆಯಲ್ಲಿ, ಸೇತುವೆಯಿಂದ ಇನ್ನೂ ಮುಂದೆ. ಅವರು ಗಲಗಲ ಕೇಳಿ ಆಯಿಲ್ ಎನ್ನಲಿಲ್ಲ. ಕ್ಲಚ್ಚಿನ ಕಿಂಡಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಸುಮ್ಮನೆ ನೋಡಿದರು. ನಮ್ಮ ಹಡಗಿನವರಿಗೆ ಅಷ್ಟು ಸಾಕಾಯಿತು. ಗಾಡಿ ಒಯ್ಯುವ ಹಿಂದಿನ ದಿನ ನಾವಿಬ್ಬರೂ ಕೊನೆಯ ಬಾರಿ ಪೈಪು ಹಿಡಿದು ಕುಳಿತೆವು. ಎರಡು ಸುಂಯ್ ಒಂದೇ ಸ್ವರಕ್ಕೆ ಅಷ್ಟು ಚೆನ್ನಾಗಿ ಹಿಂದೆಂದೂ ಕೂತಿರಲಿಲ್ಲ. ಅಂಗೈಯಲ್ಲಿ ತೋರಿಸಿದೆ. ಅವರು ಸ್ಕ್ರೂಡ್ರೈವರನ್ನು ಒರೆಸಿ ಗೋಡೆಯ ಮೊಳೆಗೆ ಸಿಕ್ಕಿಸಿದರು.

ದಂತವೈದ್ಯರು ಬೆಳಿಗ್ಗೆ ಬಂದು ಹೆಲ್ಮೆಟ್ ಹಾಕಿ ಹೊರಟರು. ನಾವು ಗೇಟಿನ ಹತ್ತಿರ ನಿಂತೆವು. ಅತ್ತೆ ಜಗುಲಿಯಿಂದಲೇ, "ಜಾಗ್ರತೆ ಹೋಗೋ ತಮಾ" ಎಂದು ಕೂಗಿದರು. ಗಾಡಿ ತಿರುವು ದಾಟಿ ಕಣ್ಣಿಗೆ ಮರೆಯಾಯಿತು. ಹಡಗಿನವರು ರಸ್ತೆ ನೋಡುವುದನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಎಲ್ಲಿದೆ?"

ನಾನು ಅಂಗೈ ಎತ್ತಿದೆ. ಹೊಟ್ಟೆಯ ಮಟ್ಟದಿಂದ ಎದೆಗೆ, ಎದೆಯಿಂದ ಗಲ್ಲಕ್ಕೆ. ಗೇರು ಬದಲಾಯಿತು, ಇಳಿಸಿದೆ. ಮತ್ತೆ ಏರಿಸಿದೆ. ಮುಖ್ಯರಸ್ತೆ. ದಂತವೈದ್ಯರ ಕೈ ಮೃದು, ಎಲ್ಲಿಯೂ ಜಗ್ಗಲಿಲ್ಲ. ಪೆಟ್ರೋಲ್ ಬಂಕಿನ ಏರು ಬಂತು. ಎರಡು ಮಕ್ಕಳೂ ಒಟ್ಟಿಗೆ ಹಾಡುತ್ತ ಏರು ಹತ್ತಿದವು. ಅಲ್ಲಿ ಯಾವುದೋ ಟ್ರ್ಯಾಕ್ಟರ್ ಅಡ್ಡ ಬಂದು, ಸದ್ದು ತೆಳುವಾಗಿ, ಎಳೆಯಾಗಿ, ಮುಗಿಯಿತು.

ಮಾತಿನ ಪ್ರಕಾರ ನಾನು ಕೈ ಇಳಿಸಬೇಕಿತ್ತು.

ಅವರು ಕಣ್ಣು ಮಿಟುಕಿಸದೆ ಅಂಗೈಯನ್ನೇ ನೋಡುತ್ತಿದ್ದರು. ಕೈ ಇಳಿಸಿದರೆ ಎಲ್ಲ ಮುಗಿದ ಹಾಗೆ. ನನ್ನಿಂದ ಆಗಲಿಲ್ಲ. ಅಂಗೈ ಗಲ್ಲದ ಮಟ್ಟದಲ್ಲೇ ನಿಂತಿತ್ತು. ಮೆಲ್ಲಗೆ ಅದನ್ನು ಹಣೆಗೆ ಏರಿಸಿದೆ. ಆ ಏರಿನ ಆಚೆಯ ಸದ್ದನ್ನು ನಾನು ಎಂದೂ ಕೇಳಿದವಳಲ್ಲ. ಬಾಯಿಗೆ ಬಂದ ಹಾಗೆ ಹಾಡುವ ಮಕ್ಕಳ ಹಾಗೆ ಕೈಗೆ ಬಂದ ಹಾಗೆ ಏರಿಸಿದೆ.

"ಅಲ್ಲಿ ಹಂಪ್ ಇದೆ ಟೀಚ್ರೇ" ಎಂದರು ಹಡಗಿನವರು. "ಶಾಲೆ ಎದುರು. ಇಳಿಸಿ."

ಇಳಿಸಿದೆ. ನನ್ನ ಕಣ್ಣು ತುಂಬಿಬಂತು. ಅವರು ಬೈಯಲಿಲ್ಲ. ನನ್ನ ಅಂಗೈಯ ಮೇಲೇ ಕಣ್ಣಿಟ್ಟು, ಮೆಲುದನಿಯಲ್ಲಿ ದಾರಿ ಹೇಳುತ್ತ ಹೋದರು. "ಇಲ್ಲಿ ನೇರ ರಸ್ತೆ, ಬಿಡಿ... ಹಾಂ... ಬಟ್ಟೆಮಲ್ಲಪ್ಪ ಬಂತು, ಬಸ್ಸು ನಿಂತಿರುತ್ತೆ, ನಿಧಾನ. ಈಗ ತಿರುವು. ಇನ್ನೊಂದು." ಎರಡು ತಾಸಿನ ದಾರಿಯನ್ನು ನಾವು ಗೇಟಿನ ಹತ್ತಿರ ನಿಂತೇ ಕ್ರಮಿಸಿದೆವು. ಹೊಸನಗರದ ಪೇಟೆಯಲ್ಲಿ ಅಂಗೈ ಹೊಟ್ಟೆಗೆ ಇಳಿಯಿತು, ಪೇಟೆ ದಾಟಿದ ಮೇಲೆ ಮತ್ತೆ ಏರಿತು. ಕಾಡಿನ ತಿರುವುಗಳಲ್ಲಿ ಏರಿ ಇಳಿದು ತೋಳು ನೋಯುತ್ತಿತ್ತು. ಹಾಲಿನವನು ಸೈಕಲ್ ನಿಲ್ಲಿಸಿ ನೋಡಿ ಹೋದ. ಅತ್ತೆ ಜಗುಲಿಯಲ್ಲೇ ಜಪದಮಣಿ ಎಣಿಸುತ್ತ ಕುಳಿತರು.

"ತೀರ್ಥಹಳ್ಳಿ" ಎಂದರು. "ಇಳಿಸಿ. ಇನ್ನೂ ಇಳಿಸಿ. ಸೇತುವೆ ಬಂತು."

ಪ್ರತಿ ಭಾನುವಾರ ಅವರು ಗಾಡಿ ತಿರುಗಿಸುತ್ತಿದ್ದ ಜಾಗ. ನಾನು ಅಂಗೈಯನ್ನು ಹೊಟ್ಟೆಯ ಮಟ್ಟಕ್ಕೆ ತಂದು, ಮೆಲ್ಲಗೆ ಸಾಗರದ ಕಡೆಗೆ ತಿರುಗಿಸಲು ಹೊರಟೆ. ಅವರು ನನ್ನ ಮಣಿಕಟ್ಟು ಹಿಡಿದರು. ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು.

"ತಿರುಗಿಸ್ಬೇಡಿ ಟೀಚ್ರೇ" ಎಂದರು. "ಮುಂದೆ ಹೋಗ್ಲಿ."

ನಾನು ಅಂಗೈಯನ್ನು ಮೇಳಿಗೆಯ ಕಡೆಗೆ ನೇರ ಮಾಡಿ ಹಿಡಿದೆ.